ಪಂಕ್ಚರ್ ಅಂಗಡಿಯ ತೊಟ್ಟಿ

ಅವತ್ತೂ ಮಾಮೂಲಿ ದಿನವೇ. ಮನೆಯ ಮುಂದಿನ ಅಂಗಡಿಯಲ್ಲಿ ನಮ್ಮ ಯಜಮಾನರು ಟ್ಯೂಬನ್ನು ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಏಳುವ ಜಾಗ ಹುಡುಕುತ್ತಿದ್ದರು. ತೊಟ್ಟಿಯೆಂದರೆ ಅಡ್ಡಕ್ಕೆ ಕತ್ತರಿಸಿದ ಹಳೇ ಡ್ರಮ್ಮು. ಮಾವನ ಕಾಲದ್ದು.

ಬೇಸಿಗೆ, ಮಳೆಗಾಲದಲ್ಲಿ ಸೊಳ್ಳೆಗೆ ಹೆದರಿ ಎರಡು ದಿನಕ್ಕೊಮ್ಮೆ ಆ ನೀರು ಚೆಲ್ಲುತ್ತಿದ್ದೆವು. ಚಳಿಗಾಲದಲ್ಲಿ ಚೆಲ್ಲುತ್ತಿರಲಿಲ್ಲ. ಚಳಿಗೆ ಸೊಳ್ಳೆ ಸಾಯುತ್ತಿತ್ತು. ಈ ವರ್ಷ ಚಳಿಯೇ ಬೀಳದೆ ರಗ್ಗು ಪೆಟ್ಟಿಗೆಯಿಂದ ಹೊರಗೆ ಬರಲೇ ಇಲ್ಲ. ಅದನ್ನು ನೋಡಿಯೂ ನನಗೆ ಹೊಳೆಯಲಿಲ್ಲ.

"ಲೇ, ನೀರಲ್ಲಿ ಹುಳ ಕುಣೀತಿದಾವೆ. ಚೆಲ್ಲಿಬಿಡ್ಲಾ?" ಅಂದರು.

"ಚಳಿಗಾಲದಲ್ಲಿ ಎಂಥಾ ಸೊಳ್ಳೆ ರೀ? ಚೆಲ್ಲೋರು ನೀವು, ಆರು ಕೊಡ ಹೊತ್ತು ತುಂಬೋಳು ನಾನು. ಸುಮ್ನಿರಿ."

"ಆಯ್ತಮ್ಮ ತಾಯಿ. ಹುಳಕ್ಕೂ ನೀನೇ ಯಜಮಾನಿ."

ನಕ್ಕರು. ಕಣಕಾಲು ಕೆರೆದುಕೊಂಡರು.

ಮೂರು ವಾರ ಕಳೆದು ಜ್ವರ ಬಂತು. ಕಣ್ಣಿನ ಹಿಂದೆ ನೋವು ಅಂದರು. ಐದನೇ ದಿನ ಮೈ ತಣ್ಣಗಾಯಿತು. ಜ್ವರ ಬಿಟ್ಟಿತು ಅಂತ ನಾನು ಹಿಗ್ಗಿದೆ. "ನಾಳೆ ಅಂಗಡಿ ತೆಗೀತೀನಿ" ಅಂದರು. ಆ ಸಂಜೆಯೇ ಹೊಟ್ಟೆ ಹಿಡಿದುಕೊಂಡರು. ವಸಡಿನಿಂದ ರಕ್ತ ಬಂತು. ಆಸ್ಪತ್ರೆಯಲ್ಲಿ ಡೆಂಗಿ ಅಂದರು. ಎರಡು ದಿನ ಇದ್ದರು, ಹೋಗಿಬಿಟ್ಟರು. ಅಷ್ಟೇ.

ಆಮೇಲೆ ಆರೋಗ್ಯ ಇಲಾಖೆಯ ಹೆಂಗಸು ಬಂದಳು. ಟಾರ್ಚ್ ಹಾಕಿ ತೊಟ್ಟಿ ನೋಡಿದಳು.

"ಚಳಿಗಾಲ ಅಂತ ನಂಬ್ಕೊಂಡು ಕೂರಬೇಡಿ ಅಕ್ಕಾ. ಈಗ ಸೆಕೆ ಹೋಗೋದೇ ಇಲ್ಲ, ಇವೂ ಹೋಗಲ್ಲ. ಹಗಲು ಹೊತ್ತೇ ಕಚ್ತವೆ. ಬರೀ ಚೆಲ್ಲಿದ್ರೂ ಸಾಲದು. ಮೊಟ್ಟೆ ಅಂಚಿಗೆ ಅಂಟಿರುತ್ತೆ, ಉಜ್ಜಬೇಕು."

"ಅವರಿಗೆ ಇದೇ ನೀರಿಂದ ಬಂತಾ?"

"ಯಾವ ಸೊಳ್ಳೆ ಅಂತ ಯಾರಿಗೆ ಗೊತ್ತಾಗುತ್ತೆ ಅಕ್ಕಾ?" ಅಂದಳು. ನನ್ನ ಮುಖ ನೋಡಲಿಲ್ಲ.

ಅಂಗಡಿ ಮುಚ್ಚಿದೆ. ಆದರೂ ಅಡುಗೆಮನೆಯಲ್ಲಿದ್ದಾಗ ತೊಟ್ಟಿಯಿಂದ ಗುಳುಗುಳು ಸದ್ದು ಬರುತ್ತದೆ. ಟ್ಯೂಬು ಅದುಮಿದ ಹಾಗೆ. ಓಡಿ ಹೋಗಿ ನೋಡಿದರೆ ನೀರು ಅಲ್ಲಾಡಿಯೇ ಇರುವುದಿಲ್ಲ.

"ಅದನ್ನ ಗುಜರಿಗೆ ಹಾಕೇ ಅಕ್ಕಾ, ನಿಂಗೆ ಹುಚ್ಚು ಹಿಡಿಯುತ್ತೆ" ಅನ್ನುತ್ತಾಳೆ ತಂಗಿ.

ಹಾಕಿಬಿಟ್ಟರೆ ಅವರು ಬಂದು ಎಲ್ಲಿ ಕೈ ಊರಬೇಕು?

ದಿನಾ ಬೆಳಿಗ್ಗೆ ತೊಟ್ಟಿ ಬಗ್ಗಿಸುತ್ತೇನೆ. ಅಂಚನ್ನೆಲ್ಲ ಬ್ರಷ್ಷಿನಿಂದ ಉಜ್ಜುತ್ತೇನೆ. ಅವರು ಕೈ ಊರುತ್ತಿದ್ದ ಕಡೆ ಅಂಚು ಸವೆದು ನುಣುಪಾಗಿದೆ. ಅಲ್ಲಿ ಎರಡು ಸಲ ಉಜ್ಜುತ್ತೇನೆ. ಆಮೇಲೆ ಆರು ಕೊಡ ನೀರು ಹೊತ್ತು ತುಂಬುತ್ತೇನೆ.