ಹತ್ತೂಮುಕ್ಕಾಲಿನ ಫೋನು

ನಮ್ಮ ಕಡೆಯ ದನದ ಡಾಕ್ಟರೊಬ್ಬರಿಗೆ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದುಕೊಟ್ಟವನು ನಾನೇ. ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರೂ ಕಡೆಯಿಂದ ಅವರಿಗೆ ಫೋನು ಬರುತ್ತಿತ್ತು. ಫೋನು ಬಂದ ಹೊತ್ತನ್ನು ಕಂಪ್ಯೂಟರಿಗೆ ಹಾಕಿದರೆ ಸಾಕು, ಮೊದಲು ಕರೆದವರ ಹೆಸರು ಪಟ್ಟಿಯಲ್ಲಿ ಮೇಲೆ ಬರುತ್ತದೆ ಎಂದು ಜಂಬ ಕೊಚ್ಚಿದ್ದೆ. ಕೈಬರಹದ ಪುಸ್ತಕವನ್ನು ಒಲೆಗೆ ಹಾಕಿ ಎಂದೂ ಹೇಳಿದ್ದೆ.

ಅವತ್ತು ನಮ್ಮ ಹಸುವಿಗೇ ಹೆರಿಗೆ ಕಷ್ಟವಾಯಿತು. ಕರುವಿನ ಒಂದು ಕಾಲು ಮಾತ್ರ ಹೊರಗೆ ಬಂದು ನಿಂತಿತ್ತು. ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಫೋನು ಮಾಡಿದೆ. ಮೂರಾದರೂ ಡಾಕ್ಟರ ಸುಳಿವಿಲ್ಲ. ಹಸು ಕೂಗುವುದನ್ನೂ ನಿಲ್ಲಿಸಿತು. ಮತ್ತೆ ಮಾಡಿದಾಗ ಅವರ ಸಹಾಯಕಿ ಫೋನು ತೆಗೆದಳು.

"ಡಾಕ್ಟ್ರು ನಿಮ್ಗಿಂತ ಮುಂಚೆ ಕರೆದೋರ್ದು ಮುಗಿಸಿ ಈಗ ಶೃಂಗೇರಿ ಹತ್ರ ನೆಮ್ಮಾರಿಗೆ ಹೋಗಿದಾರೆ. ನಾನೆಂತ ಮಾಡ್ಲಿ ಮಾರಾಯ್ರೇ? ಒಂದೂಕಾಲಿಗೆ, ಎರಡೂವರೆಗೆ ಫೋನ್ ಮಾಡಿದೋರೆಲ್ಲ ನಿಮ್ಗಿಂತ ಮೇಲೆ ಬಂದಿದಾರೆ. ನಿಮ್ದು ಕೊನೇಲಿದೆ."

ಎಲ್ಲಿ ಎಡವಿದ್ದೆನೆಂದು ಆಗ ಹೊಳೆಯಿತು. ನಮ್ಮಲ್ಲಿ ಒಂದೂಕಾಲು ಎಂದರೆ ಮಧ್ಯಾಹ್ನವೇ, ಹದಿಮೂರು ಗಂಟೆ ಎಂದು ಯಾರೂ ಬರೆಯುವುದಿಲ್ಲ. ಅವಳು 1.15 ಎಂದೇ ಹಾಕಿದ್ದಳು. ನನ್ನ ಪ್ರೋಗ್ರಾಂ ಅದನ್ನು ಮಧ್ಯರಾತ್ರಿ ಕಳೆದ ಹೊತ್ತೆಂದುಕೊಂಡು ನನ್ನ ಹತ್ತೂಮುಕ್ಕಾಲಿಗಿಂತ ಮೇಲಿಟ್ಟಿತ್ತು. ಬೆಳಿಗ್ಗೆಯೋ ಮಧ್ಯಾಹ್ನವೋ ಎಂದು ಕೇಳುವುದನ್ನು ಅದಕ್ಕೆ ಕಲಿಸದ ದಡ್ಡ ನಾನು.

"ಆ ಪಟ್ಟಿಗೆ ಬೆಂಕಿ ಬೀಳ್ಲಿ! ಯಾರು ಮೊದ್ಲು ಕರೆದಿದ್ದು ಅಂತ ಹಳೇ ಪುಸ್ತಕ ನೋಡಿ!" ಎಂದು ಕಿರುಚಿದೆ.

ಅವಳೆಂದಳು:

"ಅದನ್ನ ಒಲೆಗೆ ಹಾಕಿ ಅಂದೋರು ನೀವೇ ಅಲ್ವಾ?"