ಅಮ್ಮನ ದನಿ, ಲೈವ್‌ನ ಅಳತೆಗೆ

ಮದುವೆ ಲೈವ್ ಎಂದರೆ ಈಗ ನನಗೆ ಹೇಸಿಗೆ. ಅದೇ ನನ್ನ ಕಸುಬು. ಮುಳಬಾಗಿಲಿನಿಂದ ಕೋಲಾರ, ಮಾಲೂರು, ಶ್ರೀನಿವಾಸಪುರದ ಛತ್ರಗಳಿಗೆಲ್ಲ ಕ್ಯಾಮೆರಾ ಹೊತ್ತುಕೊಂಡು ಹೋಗಿ ಅನ್ನ ತಿನ್ನುವವನು ನಾನು. ಆದರೂ ಹೇಸಿಗೆ. ಛತ್ರಕ್ಕೆ ಬಂದು ಕೂತವರೇ ತಲೆ ಬಗ್ಗಿಸಿಕೊಂಡು ಫೋನಿನಲ್ಲಿ ಅದೇ ಛತ್ರದ ಲೈವ್ ನೋಡುತ್ತಿರುತ್ತಾರೆ. ಕಣ್ಣೆದುರಿಗಿರುವ ಹೆಣ್ಣುಗಂಡುಗಳನ್ನು ನೋಡಲು ಇವರಿಗೇನು ರೋಗ?

ಅಕ್ಕನ ಮಗಳ ಮದುವೆ ಮಾಲೂರಿನಲ್ಲಾಯಿತು. ಅದಕ್ಕೆ ವಾರದ ಮುಂಚೆ ಅಮ್ಮನನ್ನು ಗಂಟಲಿನ ಗಡ್ಡೆಗೆಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಆಪರೇಷನ್ ಆಗಲೇಬೇಕು, ಆಮೇಲೆ ದನಿ ಉಳಿಯುತ್ತದೆಂದು ಹೇಳಲಾಗದು ಎಂದರು. ಅಮ್ಮ ಆವನಿಯ ಸುತ್ತಮುತ್ತ ಹೆಸರಾದ ಹಾಡುಗಾರ್ತಿ. ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ಅವಳು ಬಂದು ಕೂರುವ ತನಕ ಯಾರೂ ಒನಕೆ ಮುಟ್ಟುತ್ತಿರಲಿಲ್ಲ. ಒಂದು ಪದ ಕನ್ನಡದ್ದು, ಮುಂದಿನದು ತೆಲುಗಿನದು, ಹೀಗೆ ಗಂಟೆಗಟ್ಟಲೆ ಹಾಡುತ್ತಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ ಅಂದಳು:

"ಯಾರ್ಗೂ ಹೇಳ್ಬೇಡ ಕಣೋ. ಮದ್ವೇಲಿ ಹಾಡ್ಬಿಡ್ತೀನಿ. ನೀನು ಚೆನ್ನಾಗಿ ಹಿಡಿದಿಡು, ಅಷ್ಟು ಸಾಕು."

ಹಿಡಿದಿಡುವುದು ನನಗೇನು ಮಹಾ? ಇದ್ದುದರಲ್ಲಿ ಒಳ್ಳೆಯ ಮೈಕನ್ನೇ ಅವಳ ಮುಂದಿಟ್ಟೆ. ಲ್ಯಾಪ್‌ಟಾಪಿನೊಳಗಿನ ಎನ್‌ಕೋಡರ್ ಚಿತ್ರವನ್ನೂ ದನಿಯನ್ನೂ ಹಿಂಡಿ ಸಣ್ಣದು ಮಾಡಿ ಎರಡು ಕಡೆ ಕಳಿಸುತ್ತದೆ: ಒಂದು ನೆಟ್‌ಗೆ, ಇನ್ನೊಂದು ನಮ್ಮಲ್ಲಿ ಉಳಿಯುವ ಫೈಲ್‌ಗೆ. ನೆಟ್‌ಗೆ ಎಷ್ಟು ಹಿಂಡಿದರೂ ನಡೆದೀತು, ಫೈಲನ್ನು ಹಾಗೆ ಹಿಂಡಬಾರದು. ಎಷ್ಟು ಹಿಂಡಬೇಕೆಂದು ಎರಡಕ್ಕೂ ಬೇರೆ ಬೇರೆ ಅಳತೆ ಕೊಡಬೇಕು. ಹಾಗೆ ಕೊಟ್ಟರೆ ನನ್ನ ಹಳೆಯ ಲ್ಯಾಪ್‌ಟಾಪ್ ಬಿಸಿಯೇರಿ ನಿಂತುಬಿಡುತ್ತದೆಂದು, ಫೈಲ್‌ಗೂ ಲೈವ್‌ನ ಅಳತೆಯೇ ಇರಲಿ ಎಂದು ಟಿಕ್ ಹಾಕಿ ವರ್ಷಗಳೇ ಆಗಿದ್ದವು. ಕ್ಯಾಮೆರಾದೊಳಗೆ ಒಂದು ಕಾರ್ಡ್ ತುರುಕಿ, ಮೈಕಿನ ವೈರನ್ನು ಕ್ಯಾಮೆರಾಕ್ಕೇ ಕೊಟ್ಟಿದ್ದರೂ ಹಿಂಡದ ದನಿ ಅದರಲ್ಲಿ ಉಳಿಯುತ್ತಿತ್ತು. ಅದನ್ನೂ ಮಾಡಲಿಲ್ಲ, ಸೋಮಾರಿ.

ಅಮ್ಮ ಇನ್ನೇನು ಪದ ಎತ್ತಬೇಕು, ಮುಂದಿನ ಸಾಲಿನಿಂದ ಭಾವ ಫೋನ್ ಎತ್ತಿ ತೋರಿಸುತ್ತ ಕೂಗಿದರು:

"ಏನಪ್ಪಾ ಇದು, ಬರೀ ಚಕ್ರ ಸುತ್ತಾನೇ ಐತೆ! ಶ್ರೀನಿವಾಸಪುರದಿಂದ ನಮ್ ದೊಡ್ಡಪ್ಪ ಫೋನ್ ಮೇಲ್ ಫೋನ್ ಮಾಡ್ತಾವ್ರೆ. ನಮ್ ಮರ್ಯಾದೆ ಹೋಗ್ತೈತೆ."

"ಆಗಿಪೋಯಿಂದಿ, ಆಗಿಪೋಯಿಂದಿ," ನಿಂತೇಹೋಯಿತು ಎಂದು ಗಂಡಿನ ಕಡೆಯ ಹೆಂಗಸೊಬ್ಬರು ತೆಲುಗಿನಲ್ಲಿ ದನಿಗೂಡಿಸಿದರು.

ಅಮ್ಮ ಅವರಿಂದ ಹತ್ತಡಿ ದೂರದಲ್ಲಿದ್ದಳು. ಒಬ್ಬರೂ ಅವಳ ಮುಖ ನೋಡುತ್ತಿರಲಿಲ್ಲ. ಛತ್ರದ ತುಂಬ ಲೈವ್ ತೆರೆದುಕೊಂಡು, ಇರುವ ಚೂರುಪಾರು ಸಿಗ್ನಲ್ಲನ್ನೂ ತಾವೇ ನುಂಗಿ, ನಿಂತುಹೋಯಿತೆಂದು ನನ್ನ ಮೇಲೆ ಹಾರಾಡುತ್ತಿದ್ದರು. ಥೂ ಎನಿಸಿತು. ಆದರೆ ಭಾವನ ಎದುರು ಕಸುಬು ಬರದವನು ಅನಿಸಿಕೊಳ್ಳಲು ನಾಚಿಕೆ. ಲೈವ್ ನಿಲ್ಲಿಸಿ, ಚಿತ್ರದ ಅಳತೆಯನ್ನು ಕಾಲುಭಾಗಕ್ಕಿಳಿಸಿ, ದನಿಯದನ್ನು ಇನ್ನು ಇಳಿಸಲಾಗದಷ್ಟು ಕೆಳಕ್ಕೆ ತಳ್ಳಿ ಮತ್ತೆ ಶುರು ಮಾಡಿದೆ. ಸುತ್ತುವುದು ನಿಂತಿತು. ಭಾವ ಹೆಬ್ಬೆರಳೆತ್ತಿ ತೋರಿಸಿದರು. ಅದಕ್ಕೆ ನಾನು ಹಲ್ಲು ಕಿರಿದೆನಲ್ಲ, ನೆನೆದರೆ ನನ್ನ ಮುಖಕ್ಕೆ ನಾನೇ ಉಗಿಯಬೇಕೆನಿಸುತ್ತದೆ. ಅಮ್ಮ ಹಾಡಲು ಶುರು ಮಾಡಿದಳು.

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಪಿಸುಮಾತಿಗೆ ನಿಂತಿತು. ಆಸ್ಪತ್ರೆ ಓಡಾಟದಲ್ಲಿ ನಾನು ಆ ಫೈಲನ್ನು ತೆರೆದೇ ಇರಲಿಲ್ಲ. ಒಂದು ಮಧ್ಯಾಹ್ನ ಅಮ್ಮ ಹಾಡು ಹಾಕು ಎಂದು ಸನ್ನೆ ಮಾಡಿದಳು. ಹಾಕಿದೆ. ಅವಳ ಮುಖದ ಜಾಗದಲ್ಲಿ ಚೌಕಚೌಕ ಬಣ್ಣಗಳು ಕುಣಿಯುತ್ತಿದ್ದವು. ದನಿ ಕೊಡದೊಳಗಿಂದ ಬಂದಂತೆ ಬರುತ್ತಿತ್ತು, ಏರುವ ಕಡೆಯಲ್ಲೆಲ್ಲ ಒಡೆದು ಗರಗರ ಎನ್ನುತ್ತಿತ್ತು. ನಿಲ್ಲಿಸಲು ಹೋದರೆ ಅಮ್ಮ ಕೈ ಹಿಡಿದಳು. ಕೊನೆಯ ತನಕ ಕೇಳಿದಳು.

"ನಾನ್ ಇಷ್ಟು ಕೆಟ್ಟದಾಗ್ ಹಾಡ್ತಿದ್ನೇನೋ?"

"ಇಲ್ಲಮ್ಮ, ಇದು ನಿನ್ ದನೀನೇ ಅಲ್ಲ. ನಾನು ಸೆಟ್ಟಿಂಗ್ ಕೆಡಿಸ್ದೆ. ತಪ್ಪು ನಂದು," ಎಂದು ಟಿಕ್ ಹಾಕಿದ್ದು, ಅಳತೆ ಇಳಿಸಿದ್ದು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದೆ.

ಅಮ್ಮ ನನ್ನ ಕೈ ತಟ್ಟಿದಳು.

"ಸಾಕು ಬಿಡೋ, ನನ್ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ," ಎಂದು ಪಿಸುಗುಟ್ಟಿದಳು. "ಪಾಪ, ಇಷ್ಟು ವರ್ಷ ಎಲ್ರೂ ಹೆಂಗ್ ಕೇಳಿಸ್ಕೊಂಡ್ರೋ."