ಬೆಲ್ಲ ಹಂಚಿದ ಕೈ

ಮೊನ್ನೆ ರಾಣೆಬೆನ್ನೂರಿನಲ್ಲಿ ಹಿರಿಯ ನಾಗರಿಕರ ಸಭೆಗೆ ಹೋಗಿದ್ದೆ. ಬಿಸಿಲಲ್ಲಿ ಬಂದವರ ಕೈಗೆ ಒಂದೊಂದು ತುಂಡು ಬೆಲ್ಲ, ಒಂದು ಲೋಟ ನೀರು ಕೊಟ್ಟರು. ಆ ಬೆಲ್ಲದ ವಾಸನೆ ಮೂಗಿಗೆ ಬಡಿದದ್ದೇ ತಡ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಮಾಲನೊಬ್ಬ ನೆನಪಾದ. ವೇದಿಕೆಯ ಮೇಲಿದ್ದವರು, ನಮ್ಮ ದೇಶದಲ್ಲಿ ಅರವತ್ತೈದು ದಾಟುವ ಗಂಡಸರು ತಲೆಮಾರಿನಿಂದ ತಲೆಮಾರಿಗೆ ಹೆಚ್ಚುತ್ತಿದ್ದಾರೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಯಾವ ಗಂಡಸರು?

ಮೂವತ್ತು ವರ್ಷದ ಹಿಂದೆ ನಾನು ಆ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಅವನು ನನ್ನ ವಾರಿಗೆಯವನೇ, ಮೋಟೆಬೆನ್ನೂರಿನಿಂದ ಸೈಕಲ್ ತುಳಿದು ಬರುತ್ತಿದ್ದ. ಒಣಮೆಣಸಿನಕಾಯಿ ಚೀಲ ಹೊತ್ತು, ಸುರಿದು, ಮತ್ತೆ ತುಂಬಿ, ದಿನವಿಡೀ ಕೆಂಪು ಧೂಳಿನಲ್ಲೇ ಇರುತ್ತಿದ್ದ. ಸಂಜೆ ಹಮಾಲರೆಲ್ಲ ಸಾಲಾಗಿ ನಿಲ್ಲುತ್ತಿದ್ದರು, ನಾನು ಬೆಲ್ಲ ಹಂಚುತ್ತಿದ್ದೆ. ಬೆಲ್ಲ ತಿಂದರೆ ಎದೆಯಲ್ಲಿ ಕೂತ ಧೂಳು ಹೊಟ್ಟೆಗಿಳಿದು ಹೋಗುತ್ತದೆ ಎಂಬ ನಂಬಿಕೆ. ಅಂಗಡಿಯ ಸಾವುಕಾರರು ನಂಬಿದ್ದರು, ಅವನು ನಂಬಿದ್ದ, ನಾಲ್ಕಕ್ಷರ ಕಲಿತ ನಾನೂ ನಂಬಿದ್ದೆ. ಬೆಲ್ಲ ಇರುವಾಗ ಮೂಗಿಗೆ ಬಟ್ಟೆ ಏಕೆ, ಆಸ್ಪತ್ರೆ ಏಕೆ!

ಅವನ ಅಪ್ಪ, ಅಜ್ಜ ಇಬ್ಬರೂ ಐವತ್ತರೊಳಗೇ ಹೋಗಿದ್ದರು. “ನಮ್ಮ ಮನ್ಯಾಗ ಗಂಡಸರ ತಲಿ ಬೆಳ್ಳಗಾಗಿದ್ದು ಯಾರೂ ನೋಡಿಲ್ರಿ. ನಾನರ ಮುದುಕ ಆಗಬೇಕ್ರಿ” ಎಂದು ನಗುತ್ತಿದ್ದ. ಅವನಿಗಿದ್ದ ಆಸೆ ಅದೊಂದೇ...

ನಲವತ್ತೈದರ ಸುಮಾರಿಗೆ ಕೆಮ್ಮು ಹತ್ತಿತು. ಎರಡೂ ಹೊತ್ತು ಬೆಲ್ಲ ತಿಂದ, ನಿಲ್ಲಲಿಲ್ಲ. ಧೂಳು ಬಿಡದಿದ್ದರೆ ನೀನು ಉಳಿಯುವುದಿಲ್ಲ ಎಂದು ಹಾವೇರಿಯ ಡಾಕ್ಟರು ಮುಖಕ್ಕೇ ಹೇಳಿಬಿಟ್ಟರು. ಮರುದಿನ ನನ್ನ ಮುಂದೆ ಬಂದು ನಿಂತ.

“ಧೂಳಿಲ್ಲದ ಕಡೆ ಎಲ್ಲೆರ ಕೆಲಸಕ್ಕ ಹಚ್ರಿ ಅಂತ ಸಾವ್ಕಾರ್ರಿಗೆ ಒಂದ್ ಮಾತು ಹೇಳ್ರಿ. ನಿಮ್ಮ ಮಾತು ಕೇಳ್ತಾರ.”

“ಸೀಸನ್ ಮುಗೀಲಿ ತಡಿಯೋ, ಹೇಳ್ತೇನಿ” ಎಂದೆ.

ಹೇಳಲಿಲ್ಲ. ಸೀಸನ್ನಿನಲ್ಲಿ ಗಟ್ಟಿ ಆಳನ್ನು ಬಿಟ್ಟುಕೊಡಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ, ಅಷ್ಟೇ ನಿಜ. ಸೀಸನ್ ಮುಗಿಯಲು ಇನ್ನೂ ಎಂಟು ದಿನ ಇರುವಾಗಲೇ ಅವನು ಹೋಗಿಬಿಟ್ಟ. ತಲೆ ಕರ್ರಗೇ ಇತ್ತು. ಸಾವುಕಾರರು ಮಣ್ಣಿಗೆ ಬಂದು, ಅವನ ಆಯುಷ್ಯ ಇದ್ದದ್ದೇ ಇಷ್ಟು ಎಂದರು. ಅಲ್ಲಿಯೂ ನಾನು ಬಾಯಿ ತೆರೆಯಲಿಲ್ಲ. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಸಭೆಯಲ್ಲಿ ಹೇಳಿದ್ದು ಸುಳ್ಳಲ್ಲ. ಹೆಚ್ಚು ಬದುಕಿದವರ ಲೆಕ್ಕದಲ್ಲಿ ನಾನಿದ್ದೇನೆ, ನೆರಳಲ್ಲಿ ಕೂತು ಲೆಕ್ಕ ಬರೆದವನು. ಸಿಟ್ಟು ತಡೆಯದೆ ಅಂದೇ ಬಸ್ಸು ಹಿಡಿದು ಬ್ಯಾಡಗಿಯ ಪೇಟೆಗೆ ಹೋದೆ. ಚೀಲ ಇಳಿಸುತ್ತಿದ್ದ ಹಮಾಲರನ್ನು ನಿಲ್ಲಿಸಿ, “ನಿಮ್ಮೊಳಗ ಎಲ್ಲಾರಕಿಂತ ಹಿರ್ಯಾ ಯಾರಪಾ?” ಎಂದು ಕೇಳಿದೆ.

ಒಬ್ಬ ಮುಖ ಒರೆಸಿಕೊಳ್ಳುತ್ತ ಮುಂದೆ ಬಂದ. “ನಾನ್ರೀ. ನಲವತ್ನಾಕು ನಡದೈತಿ.”

“ನಿನಗಿಂತ ಹಿರ್ಯಾರು?”

“ಯಾರದಾರ್ರಿ, ಅಜ್ಜಾರ...”

ಅಜ್ಜಾರ ಎಂದು ಕರೆಸಿಕೊಳ್ಳಬೇಕೆಂದು ಆಸೆಪಟ್ಟಿದ್ದವನು ಆ ಮೋಟೆಬೆನ್ನೂರಿನವನು. ಕರೆಸಿಕೊಂಡವನು ನಾನು.